ಉಪ್ಪು ಕಮ್ಮಿ ಎನ್ನುವ ಸಲುಗೆ

ಹೈದರಾಬಾದಿನಲ್ಲಿ ನಾಲ್ಕು ಜನ ಗೆಳೆಯರು ಸೇರಿ ಊಟಕ್ಕೆ ಹೊರಡುವುದು ಸುಲಭ. ನಾಲ್ವರೂ ಒಂದೇ ತಟ್ಟೆಗೆ ಕೈ ಚಾಚುವಂತೆ ಮಾಡುವುದು ಕಷ್ಟ. ಈ ಊರಿನಲ್ಲಿ ಊಟವೆಂದರೆ ಮೊದಲು ಬಿರಿಯಾನಿ, ಉಳಿದದ್ದೆಲ್ಲ ಆಮೇಲೆ. ಬಿರಿಯಾನಿ ಬಂದ ಮೇಜಿನಲ್ಲಿ ಆ ಕ್ಷಣವೇ ಎರಡು ಪಕ್ಷಗಳಾಗುತ್ತವೆ. ಒಂದು ಪಕ್ಷ ಹಂಡೆಯ ತಳದ ಮಸಾಲೆ, ಎಲುಬಿಗೆ ಅಂಟಿದ ಮಾಂಸ ಎಂದು ಮೈಮರೆಯುತ್ತದೆ. ಇನ್ನೊಂದು ಪಕ್ಷ ವೆಜ್ ಬಿರಿಯಾನಿಯೆಂಬ ಸಮಾಧಾನಕರ ಬಹುಮಾನವನ್ನು ಮುಂದಿಟ್ಟುಕೊಂಡು, ಅದರಲ್ಲಿ ಗೋಡಂಬಿ ಹುಡುಕುತ್ತ, ಎದುರಿನವರ ಸಂತೋಷ ಬೇಗ ಮುಗಿಯಲಿ ಎಂದು ಕಾಯುತ್ತದೆ.

ನಮ್ಮ ಗುಂಪಿನದು ಸರಿಯಾಗಿ ಇದೇ ಪಾಡು. ಮೇಷ್ಟ್ರು ಬೀದರ ಕಡೆಯವರು; ಕೊರಳಲ್ಲಿ ಲಿಂಗ, ಮೊಟ್ಟೆಯ ವಾಸನೆ ಬಂದರೂ ಮೂಗಿಗೆ ಟವೆಲು. ವಕೀಲ ಸಾಹೇಬರು ಹಳೇ ಶಹರದವರು. ಮಾಂಸವಿಲ್ಲದ ಊಟವನ್ನು ಅವರು ನಾಷ್ಟಾದ ಲೆಕ್ಕಕ್ಕೆ ಸೇರಿಸುತ್ತಾರೆ. ಡಾಕ್ಟರಮ್ಮ ರಾಯಚೂರಿನವರು, ಎಲ್ಲವನ್ನೂ ತಿನ್ನುತ್ತಾರೆ, ತಿಂದದ್ದಕ್ಕೆಲ್ಲ ಕೊಲೆಸ್ಟರಾಲ್ ಲೆಕ್ಕವನ್ನೂ ಹೇಳುತ್ತಾರೆ. ನಾನು ಕಲಬುರಗಿಯವನು, ಮನೆಯಲ್ಲಿ ಮೇಷ್ಟ್ರ ಪಕ್ಷ, ಹೊರಗೆ ವಕೀಲರ ಪಕ್ಷ. ಪರಿಚಯವಾದದ್ದು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಒಂದು ಕಾರ್ಯಕ್ರಮದಲ್ಲಿ. ವಕೀಲರಿಗೆ ಕನ್ನಡ ಓದಲು ಬಾರದು, ಕೇಳಿದರೆ ಅರ್ಥವಾಗುತ್ತದೆ. ಅವರ ತಾಯಿಯ ತವರು ಹುಮನಾಬಾದ್. ಬೀದರ, ಕಲಬುರಗಿ, ರಾಯಚೂರುಗಳೆಲ್ಲ 1948ರವರೆಗೆ ನಿಜಾಮರ ಸೀಮೆ, ಆಮೇಲೂ 1956ರ ತನಕ ಹೈದರಾಬಾದ್ ರಾಜ್ಯದವೇ. ನಮ್ಮ ಹಿರಿಯರಿಗೆ ಕೋರ್ಟು, ಕಾಲೇಜು, ದೊಡ್ಡ ದವಾಖಾನೆ ಎಂದರೆ ಹೈದರಾಬಾದ್. ಹಾಗಾಗಿ ಈ ಊರಿಗೆ ನಾವು ಪರದೇಶಿಗಳಾಗಿ ಬಂದವರಲ್ಲ. ಹಳೆಯ ರಾಜಧಾನಿಗೆ ತಡವಾಗಿ ಬಂದವರು, ಅಷ್ಟೆ.

ನಮ್ಮ ಪಕ್ಷಭೇದ ಕರಗಿದ್ದು ಲೆಬನಾನಿನ ಅಡುಗೆಯ ಮುಂದೆ. ಬಂಜಾರಾ ಹಿಲ್ಸಿನ ಇಳಿಜಾರಿನಲ್ಲಿ ಅಂಥದೊಂದು ಪುಟ್ಟ ಹೋಟೆಲು. ಡಾಕ್ಟರಮ್ಮನ ಮಗ ದುಬೈಯಲ್ಲಿದ್ದಾನೆ. ಅಲ್ಲಿ ತಿಂದು ಬಂದ ರುಚಿಯನ್ನು ಇಲ್ಲಿ ಹುಡುಕಿ ಕಂಡುಹಿಡಿದವರು ಅವರೇ. ಹೈದರಾಬಾದಿನ ಎಷ್ಟೋ ಮನೆಗಳಿಗೆ ಈ ಅಡುಗೆ ಹೀಗೆಯೇ ಬಂದದ್ದು, ಬೈರೂತಿನಿಂದ ನೇರವಾಗಿ ಅಲ್ಲ, ಜೆದ್ದಾ, ದುಬೈ, ದೋಹಾಗಳಲ್ಲಿ ದುಡಿದವರ ನಾಲಿಗೆಯ ಮೇಲೆ ಕೂತು. ಮೊದಲು ಗಲ್ಲಿಗಲ್ಲಿಗೆ ಶವರ್ಮಾ ಬಂತು, ಖುಬೂಸ್ ರೊಟ್ಟಿ ಬಂತು. ಆಮೇಲೆ ಮೇಜಿನ ತುಂಬ ಸಣ್ಣ ಸಣ್ಣ ಬಟ್ಟಲುಗಳನ್ನು ಹರಡುವ ಈ ನಿಧಾನದ ಊಟ ಬಂತು.

ಮೆಝ್ಝೆ ಎಂದು ಕರೆಯುವ ಆ ಬಟ್ಟಲುಗಳ ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಶಾಕಾಹಾರ. ಮೇಷ್ಟ್ರು ಮೊದಲ ಸಲ ಮೆನು ಓದಿ, ಏನೋ ಮೋಸವಿದೆ ಎಂಬಂತೆ ಇನ್ನೊಮ್ಮೆ ಓದಿದರು. ಮೋಸವೇನಿಲ್ಲ. ಲೆಬನಾನಿನ ಕ್ರೈಸ್ತರಿಗೆ ಈಸ್ಟರಿಗೆ ಮುಂಚೆ ಉದ್ದನೆಯ ಉಪವಾಸದ ಕಾಲವಿದೆ. ಆಗ ಮಾಂಸ, ಹಾಲು, ಮೊಟ್ಟೆ ಯಾವುದೂ ಕೂಡದು. ಕಾಳು, ಸೊಪ್ಪು, ಆಲಿವ್ ಎಣ್ಣೆಗಳಲ್ಲೇ ಅಷ್ಟು ದಿನ ದಾಟಬೇಕಾದಾಗ ಅಡುಗೆಯವರ ಕೈ ತಾನಾಗಿ ಚುರುಕಾಗುತ್ತದೆ. ಆ ಪುಟ್ಟ ದೇಶದಲ್ಲಿ ಸರ್ಕಾರ ಮಾನ್ಯ ಮಾಡಿದ ಧಾರ್ಮಿಕ ಪಂಗಡಗಳೇ 18. ಪಾರ್ಲಿಮೆಂಟಿನ ಕುರ್ಚಿಯಿಂದ ಹಿಡಿದು ಮದುವೆಯ ಕಾನೂನಿನವರೆಗೆ ಎಲ್ಲವೂ ಪಂಗಡದ ಪ್ರಕಾರ ಹಂಚಿಕೆ. ಹಂಚಿಕೆಯಾಗದೆ ಉಳಿದದ್ದು ಈ ಬಟ್ಟಲುಗಳು ಮಾತ್ರ.

ಹಮ್ಮಸ್ ಮೊದಲು ಬರುತ್ತದೆ. ಕಾಬೂಲಿ ಕಡಲೆಯನ್ನು ಸಿಪ್ಪೆ ಜಾರುವ ತನಕ ಬೇಯಿಸಿ, ಎಳ್ಳಿನ ತಹಿನಿ, ನಿಂಬೆರಸ, ಬೆಳ್ಳುಳ್ಳಿ ಸೇರಿಸಿ ಬೆಣ್ಣೆಯ ಹದಕ್ಕೆ ರುಬ್ಬಿ, ಮಧ್ಯದಲ್ಲಿ ಚಮಚದ ಬೆನ್ನಿನಿಂದ ಒಂದು ಕೊಳ ತೆಗೆದು, ಅದರಲ್ಲಿ ಆಲಿವ್ ಎಣ್ಣೆ ನಿಲ್ಲಿಸಿರುತ್ತಾರೆ. ಬಿಸಿ ಖುಬೂಸಿನ ಚೂರನ್ನು ಅಂಚಿನಿಂದ ಒಳಕ್ಕೆ ಎಳೆದರೆ ಎಣ್ಣೆಯೂ ಹಿಟ್ಟೂ ಒಟ್ಟಿಗೆ ಬರುತ್ತವೆ. ಬಾಯಲ್ಲಿ ಮೊದಲು ನಿಂಬೆ, ಆಮೇಲೆ ಕಡಲೆಯ ಮಂದವಾದ ಸಿಹಿ, ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಎಳ್ಳಿನ ಸಣ್ಣ ಕಹಿ. ಅವಸರದವರಿಗೆ ಆ ಕಹಿ ಸಿಗುವುದಿಲ್ಲ. ಈ ಹಮ್ಮಸ್ ತಮ್ಮದೆಂದು ಲೆಬನಾನಿನವರೂ ಇಸ್ರೇಲಿನವರೂ ಜಗಳಾಡಿದ್ದು ಜಗತ್ತಿಗೇ ಗೊತ್ತು. 2010ರಲ್ಲಿ ಲೆಬನಾನಿನ ಬಾಣಸಿಗರು ಒಂದೇ ತಟ್ಟೆಯಲ್ಲಿ 10,452 ಕಿಲೋ ಹಮ್ಮಸ್ ಮಾಡಿ ಗಿನ್ನೆಸ್ ದಾಖಲೆ ಬರೆದರು. ಲೆಬನಾನಿನ ವಿಸ್ತೀರ್ಣ 10,452 ಚದರ ಕಿಲೋಮೀಟರು. ಚದರ ಕಿಲೋಮೀಟರಿಗೆ ಒಂದೊಂದು ಕಿಲೋದಂತೆ ದೇಶವನ್ನೆಲ್ಲ ಕಡಲೆಹಿಟ್ಟಿನಲ್ಲಿ ಸಾರಿಸಿದ ಹಾಗಾಯಿತು.

ಆಮೇಲೆ ಸುಟ್ಟ ಬದನೆಕಾಯಿಯ ಮುತಬ್ಬಲ್. ಕೆಂಡದ ಮೇಲೆ ಸಿಪ್ಪೆ ಕರಕಲಾಗುವವರೆಗೆ ಸುಟ್ಟು, ಒಳಗಿನ ತಿರುಳನ್ನು ತಹಿನಿಯೊಂದಿಗೆ ಕಲಸಿದ್ದು. ಮೇಷ್ಟ್ರು ಒಂದು ತುತ್ತು ತಿಂದು, "ಇದು ನಮ್ಮ ಅವ್ವ ಮಾಡ್ತಿದ್ದ ಭರ್ತ ಅದ, ಹಸಿಮೆಣಸಿನಕಾಯಿ ಒಂದು ಮರ್ತಾರ" ಎಂದು ತೀರ್ಪು ಕೊಟ್ಟರು. ವಕೀಲರು ಒಪ್ಪಲಿಲ್ಲ. ಅವರ ಪ್ರಕಾರ ಅದು ಬಘಾರಾ ಬೈಂಗನ್ನಿನ ದೂರದ ಸಂಬಂಧಿ. ಎಳ್ಳು ಹಾಕಿದ ಮೇಲೆ ಬದನೆಕಾಯಿ ಹೈದರಾಬಾದಿನದೇ ಆಗಬೇಕು. ಎಳ್ಳು, ಶೇಂಗಾ, ಒಣಕೊಬ್ಬರಿ ಹುರಿದು ಅರೆದ ಮಸಾಲೆಯಿಲ್ಲದೆ ಈ ಊರಿನಲ್ಲಿ ಬಘಾರಾ ಬೈಂಗನ್ನೂ ಇಲ್ಲ, ಮಿರ್ಚಿ ಕಾ ಸಾಲನ್ನೂ ಇಲ್ಲ. ನಮ್ಮ ಎಣ್ಣೆಗಾಯಿಯ ಹೊಟ್ಟೆಯಲ್ಲಿರುವುದೂ ಹೆಚ್ಚುಕಡಿಮೆ ಅದೇ.

ಇಬ್ಬರ ವಾದವೂ ನ್ಯಾಯವಾದದ್ದೇ. ಬದನೆಕಾಯಿ ನಮ್ಮ ಕಡೆಯಿಂದ ಪರ್ಷಿಯಾ ಹಾದು ಅರಬರ ಅಡುಗೆಮನೆ ಸೇರಿದ ಕಾಯಿ. ಎಳ್ಳನ್ನು ಒಗ್ಗಿಸಿಕೊಂಡು ಬೆಳೆದವರೂ ನಮ್ಮ ಉಪಖಂಡದವರು. ಅದು ಇಲ್ಲಿಂದ ಮೆಸೊಪೊಟೇಮಿಯಾಕ್ಕೆ ಹೋಯಿತು. ಅದಕ್ಕೆ ಬದಲಾಗಿ ಬಂದದ್ದು ಕಡಲೆ. ಇವತ್ತಿನ ಟರ್ಕಿಯ ಆಗ್ನೇಯ ಮೂಲೆಯಲ್ಲಿ, ಲೆಬನಾನಿಗೆ ಬಹಳ ದೂರವಲ್ಲದ ಕಡೆ, ಮನುಷ್ಯರು ಅದನ್ನು ಮೊದಲು ಬಿತ್ತಿದರು. ಅದು ನಮ್ಮ ಕರಿಮಣ್ಣಿಗೆ ಬಂದು ಇಲ್ಲೇ ತಳವೂರಿತು. ಈಗ ಜಗತ್ತಿನಲ್ಲಿ ಅತಿ ಹೆಚ್ಚು ಕಡಲೆ ಬೆಳೆಯುವ ದೇಶ ನಮ್ಮದು. ಹಿಂಗಾರಿನಲ್ಲಿ ಕಲಬುರಗಿಯ ಹೊಲಕ್ಕೆ ಹೋದವರಿಗೆ ಹುಳಿ ಹಿಡಿದ ಕಡಲೆ ಸೊಪ್ಪಿನ ರುಚಿ ಗೊತ್ತಿರುತ್ತದೆ. ಅಂದರೆ ಹಮ್ಮಸ್ಸೂ ಮುತಬ್ಬಲ್ಲೂ ಅಕ್ಕಪಕ್ಕ ಕೂತ ಆ ಮೇಜಿನಲ್ಲಿ ನಡೆದದ್ದು ಬಹಳ ಹಳೆಯದೊಂದು ಕೊಡುಕೊಳ್ಳುವಿಕೆಯ ಲೆಕ್ಕ ತೀರಿಕೆ.

ತಬ್ಬೂಲೆ ಬಂದಾಗ ಡಾಕ್ಟರಮ್ಮನಿಗೆ ಖುಷಿ. ಅದರಲ್ಲಿ ಬೈಯಲು ಏನೂ ಇಲ್ಲ. ಸಣ್ಣಗೆ ಹೆಚ್ಚಿದ ಪಾರ್ಸ್ಲಿ ಸೊಪ್ಪು, ಪುದೀನ, ಟೊಮೆಟೊ, ನಿಂಬೆರಸ, ನೆನೆಸಿದ ಬುಲ್ಗರ್ ಎಂಬ ಗೋಧಿ ನುಚ್ಚು. ಸೊಪ್ಪು ಹೆಚ್ಚು, ನುಚ್ಚು ಕಡಿಮೆ ಇರಬೇಕು. ಎಷ್ಟೋ ಹೋಟೆಲುಗಳು ಇದನ್ನು ತಿರುಗಿಸಿ ಉಪ್ಪಿಟ್ಟು ಮಾಡಿಬಿಡುತ್ತವೆ. ಫತ್ತೂಷ್ ಎಂಬ ಸಲಾಡಿನ ಮೇಲೆ ಸುಮಾಕ್ ಉದುರಿಸಿರುತ್ತಾರೆ. ಕೆಂಪು ಪುಡಿ, ನಮ್ಮ ಕಣ್ಣು ಖಾರ ಎಂದುಕೊಳ್ಳುತ್ತದೆ, ನಾಲಿಗೆಗೆ ಸಿಗುವುದು ಹುಳಿ. ಲಬ್ನೆ ಎಂದರೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು. ಜೋಳದ ರೊಟ್ಟಿಗೆ ಗಟ್ಟಿ ಮೊಸರು ಹಚ್ಚಿ ಬೆಳೆದ ನಮಗೆ ಅದರ ಪರಿಚಯ ಮಾಡಿಸುವ ಅಗತ್ಯವೇ ಬೀಳಲಿಲ್ಲ.

ಬೆಳ್ಳುಳ್ಳಿಯ ತೂಮ್ ಬಗ್ಗೆ ಎರಡು ಮಾತು ಹೇಳಲೇಬೇಕು. ಬೆಳ್ಳುಳ್ಳಿ, ಉಪ್ಪು, ಎಣ್ಣೆ, ನಿಂಬೆರಸ, ಇಷ್ಟೇ. ಉಪ್ಪಿನೊಂದಿಗೆ ಜಜ್ಜಿದ ಬೆಳ್ಳುಳ್ಳಿಗೆ ಎಣ್ಣೆಯನ್ನು ಹನಿಹನಿಯಾಗಿ ಬಿಡುತ್ತ ತಾಳ್ಮೆಯಿಂದ ಕಡೆದರೆ ಹತ್ತಿಯಂತೆ ಬೆಳ್ಳಗೆ ಉಬ್ಬುತ್ತದೆ. ಅವಸರ ಮಾಡಿದರೆ ಒಡೆದು ಎಣ್ಣೆ ಬೇರೆ, ಬೆಳ್ಳುಳ್ಳಿ ಬೇರೆ. ಶವರ್ಮಾದ ಜೊತೆಗೆ ಇರಬೇಕಾದದ್ದು ಇದು. ನಮ್ಮ ಬೀದಿಗಳಲ್ಲಿ ಇದರ ಜಾಗಕ್ಕೆ ಹಸಿ ಮೊಟ್ಟೆಯ ಮಯೊನೈಸ್ ಬಂದು ಕೂತಿತು. ಅದು ಬೇಗ ಆಗುತ್ತದೆ, ಬಿಸಿಲಿಗೆ ಬೇಗ ಕೆಡುತ್ತದೆ. ಜನ ಕಾಯಿಲೆ ಬಿದ್ದ ಮೇಲೆ ತೆಲಂಗಾಣ ಸರ್ಕಾರ 2024ರ ಅಕ್ಟೋಬರ್ ಕೊನೆಯಲ್ಲಿ ಹಸಿ ಮೊಟ್ಟೆಯ ಮಯೊನೈಸನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿತು. ಮೇಷ್ಟ್ರಿಗೆ ಈ ಸುದ್ದಿ ಬಹಳ ಹಿಡಿಸಿತ್ತು. ತೂಮಿನಲ್ಲಿ ಮೊಟ್ಟೆಯಿಲ್ಲ ಎಂದು ಖಾತ್ರಿಯಾದ ಮೇಲಂತೂ ಅವರು ಆ ಬಟ್ಟಲನ್ನು ತಮ್ಮ ಕಡೆಗೇ ಎಳೆದುಕೊಂಡರು.

ಇಷ್ಟಾಗುವಾಗ ವಕೀಲರ ಕಿಬ್ಬೆ ಬಂತು. ಬುಲ್ಗರ್ ಮತ್ತು ಮಾಂಸವನ್ನು ಕುಟ್ಟಿ ಮಾಡಿದ ಚಿಪ್ಪಿನೊಳಗೆ ಹುರಿದ ಖೀಮಾ, ಈರುಳ್ಳಿ, ಪೈನ್ ಬೀಜ ತುಂಬಿ ಕರಿದದ್ದು. ಕಿಬ್ಬೆಯಿಂದ ಮಾತು ಅದರ ಊರಿಗೆ ಹೋಯಿತು, ಊರಿನಿಂದ ಡಾಕ್ಟರಮ್ಮ ಹೇಳಿದ ಕಥೆಗೆ.

ಲೆಬನಾನಿನಲ್ಲಿ 1975ರಿಂದ 1990ರವರೆಗೆ ಹದಿನೈದು ವರ್ಷ ಅಂತರ್ಯುದ್ಧ ನಡೆಯಿತು. ಬೈರೂತ್ ನಗರ ಎರಡಾಗಿ ಸೀಳಿಹೋಗಿತ್ತು. ಈ ಬೀದಿಯವರು ಆ ಬೀದಿಗೆ ಹೋಗುವಂತಿರಲಿಲ್ಲ. ಯುದ್ಧ ನಿಂತರೂ ಜನ ಒಬ್ಬರ ಊರಿಗೊಬ್ಬರು ಹೋಗಲು ಅನುಮಾನಪಡುತ್ತಿದ್ದರು. ಕಮಾಲ್ ಮುಝವಕ್ ಎಂಬವರು 2004ರಲ್ಲಿ ಬೈರೂತಿನ ನಡುಮಧ್ಯೆ ಸೂಕ್ ಎಲ್ ತಯೆಬ್ ಎಂಬ ರೈತರ ಸಂತೆ ಶುರುಮಾಡಿದರು. ಶನಿವಾರ ಶನಿವಾರ ಒಂದೊಂದು ಪಂಗಡದ, ಒಂದೊಂದು ಬೆಟ್ಟದ ರೈತರು ಅಕ್ಕಪಕ್ಕದಲ್ಲಿ ಗಾಡಿ ಹಚ್ಚಿಕೊಂಡು ಟೊಮೆಟೊ, ಝಾತರ್ ಎಂಬ ಸೊಪ್ಪಿನ ಪುಡಿ, ಚೀಸ್ ಮಾರಿದರು. ಅದರ ಬೆನ್ನಿಗೆ 2009ರಲ್ಲಿ ತಾವ್ಲೆತ್ ಎಂಬ ಊಟದ ಮನೆ. ಅಲ್ಲಿಗೆ ಖಾಯಂ ಬಾಣಸಿಗರಿಲ್ಲ. ಪ್ರತಿದಿನ ಒಂದೊಂದು ಹಳ್ಳಿಯಿಂದ ಒಬ್ಬೊಬ್ಬ ಗೃಹಿಣಿ ಬಂದು, ತನ್ನ ಮನೆಯಲ್ಲಿ ಏನು ಮಾಡುತ್ತಾಳೋ ಅದನ್ನೇ ಮಾಡಿ ಬಡಿಸುತ್ತಾಳೆ. ಇವತ್ತು ಉತ್ತರದ ಝಗರ್ತಾದವಳು ಬಂದರೆ ಕಿಬ್ಬೆಯೊಳಗೆ ಕೊಬ್ಬು. ನಾಳೆ ದಕ್ಷಿಣದವಳು ಬಂದರೆ ಅದೇ ಕಿಬ್ಬೆಗೆ ಸೊಪ್ಪಿನ ಘಮ. ಹಣ ಅಡುಗೆಯವಳ ಕೈಗೆ, ಹೆಸರೂ ಅವಳದೇ. ತನ್ನ ಊರಿಗೆ ಕಾಲಿಡಲು ಹೆದರುತ್ತಿದ್ದವರು ತನ್ನ ಸಾರಿಗೆ ಎರಡನೆಯ ಸಲ ಬಟ್ಟಲು ಚಾಚುವುದನ್ನು ಅವಳು ನಿಂತು ನೋಡುತ್ತಾಳೆ.

2020ರ ಆಗಸ್ಟ್ 4ರ ಸಂಜೆ ಬೈರೂತಿನ ಬಂದರಿನಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್ ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಬಂದರಿಗೆ ಹತ್ತಿರದ ಮಾರ್ ಮಿಖಾಯೆಲ್ ಬಡಾವಣೆಯಲ್ಲಿದ್ದ ತಾವ್ಲೆತ್ ಪುಡಿಯಾಯಿತು. ಅವರು ಗಾಜು ಗುಡಿಸಿ ಬೇರೆಡೆ ಒಲೆ ಹಚ್ಚಿದರು. ಎಲ್ಲರ ಅಡುಗೆಮನೆ ಎಂದು ಹೆಸರಿಟ್ಟು, ಮನೆ ಕಳೆದುಕೊಂಡವರಿಗೆ ಬುತ್ತಿ ಕಟ್ಟಿ ಕಳಿಸಿದರು. ಅದೇ ನಗರದ ಬುರ್ಜ್ ಅಲ್ ಬರಾಜ್ನೆ ನಿರಾಶ್ರಿತರ ಶಿಬಿರದಲ್ಲಿ ಮರಿಯಂ ಶಾರ್ ಎಂಬ ಪ್ಯಾಲೆಸ್ತೀನಿ ಹೆಣ್ಣುಮಗಳು ಸೂಫ್ರಾ ಎಂಬ ಅಡುಗೆ ಸಂಸ್ಥೆ ಕಟ್ಟಿದ್ದಾರೆ. ಲೆಬನಾನಿನಲ್ಲಿ ಪ್ಯಾಲೆಸ್ತೀನಿ ನಿರಾಶ್ರಿತರಿಗೆ ಎಷ್ಟೋ ಉದ್ಯೋಗಗಳ ಬಾಗಿಲು ಕಾನೂನಿನಿಂದಲೇ ಮುಚ್ಚಿದೆ. ಮುಚ್ಚದ ಒಂದು ಬಾಗಿಲು ಅಡುಗೆಮನೆಯದು. ಶಿಬಿರದ ಹೆಂಗಸರು ಆ ಬಾಗಿಲಿನಿಂದಲೇ ಹೊರಬಂದು ಊಟದ ಗಾಡಿಯೊಂದನ್ನು ರಸ್ತೆಗಿಳಿಸಿದರು. 2017ರಲ್ಲಿ ಅವರ ಮೇಲೆ ಸಾಕ್ಷ್ಯಚಿತ್ರವೂ ಬಂತು.

"ಇಂಥಾದ್ದೊಂದು ನಮ್ಮ ಹೈದರಾಬಾದಿನಾಗೂ ಬೇಕು ಸರ್," ಎಂದರು ಡಾಕ್ಟರಮ್ಮ. "ಊಟಾನೂ ಆಯ್ತು, ಒಂದು ಒಳ್ಳೆ ಕೆಲಸಾನೂ ಆಯ್ತು."

ಮೇಷ್ಟ್ರು ತೂಮಿನ ಬಟ್ಟಲಿನಿಂದ ಕೈ ತೆಗೆಯದೆ, "ತಿಂದದ್ದಕ್ಕ ಪುಣ್ಯ ಬರ್ತದೇನ್ರಿ ಡಾಕ್ಟರಮ್ಮ? ಹಂಗಿದ್ರ ನಾವೆಲ್ಲ ಯಾವಾಗೋ ಕೈಲಾಸಕ್ಕ ಹೋಗ್ತಿದ್ವಿ" ಎಂದರು.

ಅಲ್ಲಿಂದ ಆ ಸಂಜೆ ಜಗಳದ ಸಂಜೆಯಾಯಿತು. ಒಳ್ಳೆಯ ಊಟಕ್ಕೆ ಒಳ್ಳೆಯ ಜಗಳ ಬೇಕೇ ಬೇಕು.

ವಕೀಲರ ವಾದವೆಂದರೆ, ಈ ಊರಿಗೆ ಹೊಸದಾಗಿ ಏನೂ ತರಬೇಕಾಗಿಲ್ಲ. ನಾವು ಕೂತಲ್ಲಿಂದ ಆಟೋಕ್ಕೆ ಐದು ನಿಮಿಷದ ದಾರಿಯಲ್ಲಿ ಲಾಮಕಾನ್ ಇದೆ. ಛಾಯಾಗ್ರಾಹಕ, ಸಾಕ್ಷ್ಯಚಿತ್ರಕಾರ ಹಸನ್ ಅವರು ವಾಸವಿದ್ದ ಕಲ್ಲಿನ ಮನೆ. ಅವರು ತೀರಿದ ಮೇಲೆ ಮನೆಯವರು 2010ರಲ್ಲಿ ಅದನ್ನು ಊರಿಗೆಲ್ಲ ತೆರೆದರು. ಅಂಗಳದಲ್ಲಿ ಬಂಜಾರಾ ಹಿಲ್ಸಿನ ಹಳೆಯ ಬಂಡೆಗಳು ಹಾಗೇ ಇವೆ. ನಾಟಕ, ಸಂಗೀತ, ಮುಷಾಯಿರಾ, ವಾಗ್ವಾದ ಯಾವುದಾದರೂ ಒಂದು ನಡೆಯುತ್ತಿರುತ್ತದೆ. ಮೂಲೆಯ ಕ್ಯಾಂಟೀನಿನಲ್ಲಿ ಇರಾನಿ ಚಹಾ, ಸಮೋಸ. ಒಂದು ಕಾಫಿಗೆ ಮುನ್ನೂರು ರೂಪಾಯಿ ಕೇಳುವ ಬಡಾವಣೆಯ ನಡುವೆ ಅಲ್ಲಿ ಚಿಲ್ಲರೆ ಕೊಟ್ಟು ಸಂಜೆಯಿಡೀ ಕೂಡಬಹುದು. ಕೂತವರಲ್ಲಿ ಕಾರಿನಲ್ಲಿ ಬಂದವರಾರು, ಬಸ್ಸಿನಲ್ಲಿ ಬಂದವರಾರು ಎಂದು ತಿಳಿಯುವುದಿಲ್ಲ. ಎಲ್ಲರೂ ತಮ್ಮ ಲೋಟ ತಾವೇ ತಂದುಕೊಳ್ಳಬೇಕು. "ಯೇ ನೇಕ್ ಕಾಮ್ ನಹೀಂ ಹೈ ಕ್ಯಾ?" ಎಂದು ಕೇಳಿದರು ವಕೀಲರು.

ಅವರ ಪಟ್ಟಿ ಅಲ್ಲಿಗೆ ಮುಗಿಯಲಿಲ್ಲ. ದಬೀರಪುರದ ಫ್ಲೈಓವರಿನ ಕೆಳಗೆ ಅಜರ್ ಮಕ್ಸೂಸಿ 2012ರಿಂದ ಹಸಿದವರಿಗೆ ಮಧ್ಯಾಹ್ನದ ಊಟ ಬಡಿಸುತ್ತಿದ್ದಾರೆ. ಹಸಿವಿಗೆ ಧರ್ಮವಿಲ್ಲ ಎಂಬುದು ಅವರ ಮಾತು, ಸಾಲಿನಲ್ಲಿ ಕೂತವರ ಹೆಸರು ಯಾರೂ ಕೇಳುವುದಿಲ್ಲ. ನಗರಪಾಲಿಕೆ ಹರೇ ಕೃಷ್ಣ ಮೂವ್‌ಮೆಂಟಿನವರ ಜೊತೆ ಸೇರಿ 2014ರಲ್ಲಿ ಐದು ರೂಪಾಯಿ ಊಟ ಶುರುಮಾಡಿತು. ಅನ್ನ, ಸಾಂಬಾರು, ಪಲ್ಯ, ಉಪ್ಪಿನಕಾಯಿ. ದೊಡ್ಡ ದವಾಖಾನೆಗಳ ಎದುರು ಮಧ್ಯಾಹ್ನ ಆ ಸಾಲು ನೋಡಬೇಕು. ರೋಗಿಯ ಜೊತೆ ಬಂದ ಹಳ್ಳಿಯವರು, ಆಟೋದವರು, ಪರೀಕ್ಷೆಗೆ ಓದುವ ಹುಡುಗರು. ನಮ್ಮ ಕಡೆಯ ಇಂದಿರಾ ಕ್ಯಾಂಟೀನು 2017ರಲ್ಲಿ ಬೆಂಗಳೂರಿನಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಹೈದರಾಬಾದಿನವರು ಐದು ರೂಪಾಯಿ ಊಟಕ್ಕೆ ಒಗ್ಗಿಹೋಗಿದ್ದರು.

ನಾನು ಹುಬ್ಬಳ್ಳಿಯ ಕಡೆ ಹೊರಳಿದೆ. 2017ರಲ್ಲಿ ಅಲೀನಾ ಆಲಂ ಎಂಬ ಹುಡುಗಿ ಮಿಟ್ಟಿ ಕೆಫೆಯ ಮೊದಲ ಅಂಗಡಿ ಇಟ್ಟದ್ದು ಅಲ್ಲಿ. ಅಂಗವಿಕಲರೇ ಅಡುಗೆ ಮಾಡಿ, ಅವರೇ ಬಡಿಸಿ, ಅವರೇ ಲೆಕ್ಕ ಬರೆಯುವ ಕೆಫೆ. ಬ್ರೈಲ್ ಲಿಪಿಯ ಮೆನು. ಹುಬ್ಬಳ್ಳಿಯಿಂದ ಹೊರಟದ್ದು ಬೆಂಗಳೂರಿನ ಕಂಪನಿಗಳನ್ನು, ವಿಮಾನ ನಿಲ್ದಾಣವನ್ನು ಹಾದು, 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣಕ್ಕೂ ಹೋಯಿತು. ವಕೀಲರು ಸುಪ್ರೀಂ ಕೋರ್ಟ್ ಎಂದೊಡನೆ ತಲೆಬಾಗಿ ವಾದ ನಿಲ್ಲಿಸಿದರು.

ಮೇಷ್ಟ್ರು ನಿಲ್ಲಿಸಲಿಲ್ಲ. "ಎಲ್ಲಾ ಖರೇ ಅದ. ಆದ್ರ ನಾ ಕೇಳೋದು ಬ್ಯಾರೆ. ಅಲ್ಲಿ ಚಹಾ ಹ್ಯಾಂಗಿತ್ತು? ಅದನ್ನ ಯಾರೂ ಹೇಳಂಗಿಲ್ಲ ನೋಡ್ರಿ. ‘ಪಾಪ, ಎಷ್ಟು ಛಂದ ಮಾಡ್ಯಾರ’ ಅಂತಾರ. ಆ ಪಾಪ ಅನ್ನೋ ಮಾತು ಚಹಾದಾಗ ಬಿದ್ದ ನೊಣ ಇದ್ದಂಗ."

ಆಗ ಅವರು ಹೇಳಿದ್ದು ನನಗೆ ಇವತ್ತಿಗೂ ಸರಿ ಎನಿಸುತ್ತದೆ. ಅವರ ಜಿಲ್ಲೆಯ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ದಾನ ಬೇಡ, ದಾಸೋಹ ಮಾಡಿ ಎಂದದ್ದು ಇದೇ ಕಾರಣಕ್ಕೆ. ದಾನದಲ್ಲಿ ಕೊಡುವವನು ಮೇಲೆ, ತೆಗೆದುಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಬಡಿಸುವವನೇ ಬಗ್ಗಬೇಕು, ಉಣ್ಣುವವನು ನೆಟ್ಟಗೆ ಕೂಡಬೇಕು. ಕಲಬುರಗಿಯ ಶರಣಬಸವೇಶ್ವರರ ದಾಸೋಹದಲ್ಲಿ ಪಂಕ್ತಿಗೆ ಕೂತ ಮುದುಕಿಯೊಬ್ಬಳು, "ಇವತ್ತ ಸಾರಿಗೆ ಉಪ್ಪು ಕಮ್ಮಿ ಬಿದ್ದದಪ್ಪ" ಎಂದು ಗಟ್ಟಿಯಾಗಿ ಹೇಳಿದ್ದನ್ನು ನಾನು ಚಿಕ್ಕವನಿದ್ದಾಗ ಕೇಳಿದ್ದೇನೆ. ಬಡಿಸುತ್ತಿದ್ದವರು ಬೇಸರಪಟ್ಟುಕೊಳ್ಳಲಿಲ್ಲ, ಉಪ್ಪಿನ ಬಟ್ಟಲು ತಂದಿಟ್ಟರು. ಪುಕ್ಕಟೆ ಉಂಡವಳಿಗೂ ಉಪ್ಪು ಕಮ್ಮಿ ಎನ್ನುವ ಸಲುಗೆ ಇತ್ತು. ಆ ಸಲುಗೆ ಇರುವವರೆಗೆ ಅದು ಊಟ. ಇಲ್ಲವಾದ ದಿನ ಭಿಕ್ಷೆ.

ಇದನ್ನೇ ತಿರುಗಿಸಿದರೆ ಹೋಟೆಲಿಗೂ ಹೊಂದುತ್ತದೆ. ಅಲ್ಲಿ ದುಡ್ಡು ಕೊಡುವವರು ನಾವು, ಅಡುಗೆ ಮಾಡುವವರು ಕಷ್ಟದಿಂದ ಬಂದವರು. ನಾವು ಅನುಕಂಪದಿಂದ ಉಂಡು, ಹೊಗಳಿ, ಫೋಟೊ ತೆಗೆದುಕೊಂಡು ಬಂದರೆ ಅಡುಗೆಯವಳು ನಿಮಿತ್ತ ಮಾತ್ರಳಾದಳು, ನಾವು ಪುಣ್ಯವಂತರಾದೆವು. ತಾವ್ಲೆತ್ತಿನ ಜಾಣತನ ಇರುವುದು ಇಲ್ಲಿ. ಅಲ್ಲಿ ಹಳ್ಳಿಯ ಹೆಂಗಸು ದಯೆಗೆ ಪಾತ್ರಳಲ್ಲ, ತನ್ನ ಊರಿನ ಅಡುಗೆಯ ಪಂಡಿತೆ. ಪಟ್ಟಣದವರು ಅವಳಿಂದ ಕಲಿಯಲು ಬಂದವರು. ರುಚಿ ನೋಡಿ ಉಣ್ಣುವುದು, ಚೆನ್ನಾಗಿದ್ದರೆ ಇನ್ನೊಮ್ಮೆ ಕೇಳುವುದು, ಚೆನ್ನಾಗಿಲ್ಲದಿದ್ದರೆ ಹೇಳುವುದು, ಇವು ಒಬ್ಬ ಕೆಲಸಗಾರಳಿಗೆ ಕೊಡುವ ಮರ್ಯಾದೆ. ನಿಧಾನವಾಗಿ ಸವಿಯುವವನನ್ನು ಜಿಹ್ವಾಚಪಲ ಎಂದು ಬೈಯುವವರಿದ್ದಾರೆ. ನನ್ನ ಮಟ್ಟಿಗೆ ಎಳ್ಳಿನ ಆ ಸಣ್ಣ ಕಹಿಯವರೆಗೆ ಕಾದು ಉಣ್ಣುವವನೇ ಅಡುಗೆಯವರ ನಿಜವಾದ ಬಂಧು.

ಬಕ್ಲಾವಾ ತಿನ್ನುವಾಗ ವಕೀಲರು ಹೊಸ ಪ್ರಸ್ತಾಪ ತಂದರು. ಅರಬರ ಊಟದ ಮೇಲೆ ಇಷ್ಟು ಭಾಷಣ ಮಾಡಿ ಬಾರ್ಕಸ್ಸಿಗೆ ಹೋಗದಿದ್ದರೆ ಹೇಗೆ? ಯೆಮನ್ನಿನ ಹದ್ರಮೌತಿನಿಂದ ಬಂದು ನಿಜಾಮರ ಸೈನ್ಯ ಸೇರಿದ ಅರಬರ ಬಡಾವಣೆ ಅದು. ಚಾರ್ಮಿನಾರ್ ದಾಟಿ, ಫಲಕ್‌ನುಮಾ ದಾಟಿ ಹೋಗಬೇಕು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, ಸೈನ್ಯ ಹೋಯಿತು, ಅಡುಗೆ ಉಳಿಯಿತು. ಹೈದರಾಬಾದ್ ಹಲೀಮಿಗೆ 2010ರಲ್ಲಿ ಜಿಐ ಮಾನ್ಯತೆ ಸಿಕ್ಕಿತಲ್ಲ, ಅದರ ಮೂಲವಾದ ಹರೀಸ್ ಈಗಲೂ ಬಾರ್ಕಸ್ಸಿನ ಮನೆಗಳಲ್ಲಿ ಬೇಯುತ್ತದೆ.

ಅಲ್ಲಿಗೆ ಹೋದದ್ದು ಚಳಿಗಾಲದಲ್ಲಿ. ಮಂದಿ ಎಂಬ ಅಲ್ಲಿಯ ಊಟಕ್ಕೆ ಮೇಜು ಕುರ್ಚಿ ಬೇಕಿಲ್ಲ. ಜಮಖಾನೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂಡಬೇಕು. ಮಧ್ಯದಲ್ಲಿ ಒಂದೇ ದೊಡ್ಡ ತಬಕು, ಅದರ ತುಂಬ ಮಾಂಸದ ರಸ ಇಳಿದ ಉದ್ದ ಅಕ್ಕಿಯ ಅನ್ನ, ಮೇಲೆ ಎಲುಬಿನಿಂದ ತಾನೇ ಕಳಚಿಕೊಳ್ಳುವ ಮಾಂಸ. ಮಸಾಲೆ ಕಡಿಮೆ, ಹೊಗೆಯ ವಾಸನೆ ಹೆಚ್ಚು. ತಬಕಿನಲ್ಲಿ ಗೆರೆ ಎಳೆಯುವುದಿಲ್ಲ. ಎದುರಿನವರ ಕಡೆ ಒಳ್ಳೆಯ ತುಂಡು ಸರಿಸುವುದೇ ಅಲ್ಲಿಯ ಸಂಸ್ಕಾರ. ವಕೀಲರು ನನ್ನ ಕಡೆ ಸರಿಸಿದರು, ನಾನು ಡಾಕ್ಟರಮ್ಮನ ಕಡೆ, ಅವರು ಕೊಲೆಸ್ಟರಾಲ್ ನೆನೆದು ವಕೀಲರ ಕಡೆ. ಮೇಷ್ಟ್ರಿಗೆ ಬಾರ್ಕಸ್ಸಿನ ಪೇರಲ ಹಣ್ಣು ತರಿಸಿದೆವು. ಒಂದು ಕಾಲಕ್ಕೆ ಈ ಬಡಾವಣೆಯ ಸುತ್ತ ಪೇರಲ ತೋಟಗಳೇ ಇದ್ದವು. ಹೈದರಾಬಾದಿನವರು ಅದಕ್ಕೆ ಜಾಮ್ ಎನ್ನುತ್ತಾರೆ. ಉಪ್ಪು ಖಾರ ಹಚ್ಚಿದ ಹೋಳುಗಳನ್ನು ಮೆಲ್ಲುತ್ತ ಮೇಷ್ಟ್ರು ಜಮಖಾನೆಯ ಒಂದು ತುದಿಯಲ್ಲಿ ವಿರಾಜಮಾನರಾಗಿ, ನಮ್ಮ ತಬಕಿನ ನ್ಯಾಯಪಾಲನೆ ವಹಿಸಿಕೊಂಡರು.

ಆದರೂ ಹಣ್ಣಿನಿಂದ ಮನುಷ್ಯನ ರಾತ್ರಿ ಕಳೆಯುವುದಿಲ್ಲ. ಹಿಂದಿರುಗುವಾಗ ಅವರ ಹೊಟ್ಟೆಯ ಸಲುವಾಗಿ ರಸ್ತೆ ಬದಿಯ ಜೋಳದ ರೊಟ್ಟಿಯ ಒಲೆಯೊಂದರ ಹತ್ತಿರ ಗಾಡಿ ನಿಲ್ಲಿಸಿದೆವು. ಹೈದರಾಬಾದಿನಲ್ಲಿ ಸಂಜೆಯಾದರೆ ಎಲ್ಲೆಲ್ಲಿಯೂ ಈ ಒಲೆಗಳು. ತೆಲುಗರ ಜೊನ್ನ ರೊಟ್ಟೆ. ಫುಟ್‌ಪಾತಿನ ಮೇಲೆ ಒಂದು ಒಲೆ, ಹೆಂಚು, ಹಿಟ್ಟಿನ ಬುಟ್ಟಿ, ನೀರಿನ ತಂಬಿಗೆ. ಬಡಿಯುವವರು ಹೆಚ್ಚಾಗಿ ಹೆಂಗಸರು. ಸಕ್ಕರೆ ಕಾಯಿಲೆಯ ಸಾಫ್ಟ್‌ವೇರ್ ಜನ ಕಾರು ನಿಲ್ಲಿಸಿ ಕಾಯುತ್ತಾರೆ, ಪಕ್ಕದಲ್ಲೇ ಕೂಲಿಯಿಂದ ಬಂದವರು ನಿಂತಿರುತ್ತಾರೆ. ಗೋಡೆಗೆ ಯಾವ ಬೋರ್ಡೂ ಇಲ್ಲ, ಒಳ್ಳೆಯ ಕೆಲಸದ ಕಥೆ ಹೇಳುವ ಮೆನುವೂ ಇಲ್ಲ. ಆದರೆ ತನ್ನ ಊರಿನ ಅಡುಗೆಯನ್ನು ತಾನೇ ಮಾಡಿ, ತಾನೇ ಬೆಲೆ ಹೇಳಿ, ದುಡ್ಡು ತಾನೇ ಎಣಿಸಿಕೊಳ್ಳುವ ಹೆಂಗಸು ಅಲ್ಲಿ ಇದ್ದಾಳೆ. ಬೈರೂತಿನ ಆ ಊಟದ ಮನೆಯಲ್ಲಿ ಡಾಕ್ಟರಮ್ಮನಿಗೆ ಹಿಡಿಸಿದ್ದೂ ಇದೇ ಅಲ್ಲವೆ?

ಆ ರಾತ್ರಿ ಒಲೆಯ ಮುಂದಿದ್ದಾಕೆಯ ತೆಲುಗಿನಲ್ಲಿ ನಮ್ಮ ಮಾತಿನ ವಾಸನೆ ಇತ್ತು. ಕೇಳಿದರೆ ನಾರಾಯಣಪೇಟೆಯ ಆಚೆ, ಕೃಷ್ಣಾ ನದಿಯ ಕಡೆಯ ಊರು, ಮನೆಯಲ್ಲಿ ಕನ್ನಡ. ಡಾಕ್ಟರಮ್ಮ ರಾಯಚೂರು ಎಂದೊಡನೆ ಇಬ್ಬರಿಗೂ ಯಾವುದೋ ಜಾತ್ರೆ, ಯಾವುದೋ ಬಸ್ಸಿನ ದಾರಿ ನೆನಪಾಗಿ ಮಾತು ಹರಿಯಿತು. ಅಷ್ಟರಲ್ಲಿ ಮೇಷ್ಟ್ರ ಕೈಗೆ ರೊಟ್ಟಿ ಬಂತು, ಮೇಲೆ ಶೇಂಗಾ ಹಿಂಡಿ. ಮೇಷ್ಟ್ರು ಒಂದು ತುತ್ತು ಮುರಿದು ಅಗಿದರು. ಒಳ್ಳೆಯ ಸುದ್ದಿಗೆ ಕಾಯುವವರಂತೆ ನಾವು ಅವರ ಮುಖ ನೋಡಿದೆವು.

"ಯಕ್ಕಾ, ರೊಟ್ಟಿ ಸ್ವಲ್ಪ ದಪ್ಪ ಆಗ್ಯಾದ ನೋಡವ್ವ," ಎಂದರು ಮೇಷ್ಟ್ರು.

ಆಕೆ ಹೆಂಚಿನಿಂದ ಕಣ್ಣೆತ್ತಲಿಲ್ಲ. "ರೊಟ್ಟಿ ಬರೋಬರಿ ಅದ ಮುತ್ಯಾ. ನಿಮ್ಮ ಹಲ್ಲು ಹೋಗ್ಯಾವ."

ವಕೀಲರಿಗೆ ಕನ್ನಡ ಇಷ್ಟು ಚೆನ್ನಾಗಿ ಅರ್ಥವಾದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅವರು ನಗುತ್ತ ಕಾರಿನ ಬಾನೆಟ್ಟಿಗೆ ಕೈ ಕೊಟ್ಟು ನಿಂತರು. ಮೇಷ್ಟ್ರಿಗೆ ಬೇಸರವಾದ ಹಾಗೆ ಕಾಣಲಿಲ್ಲ. ಸರಿಯಾದ ಎದುರಾಳಿ ಸಿಕ್ಕ ಉತ್ಸಾಹವೇ ಕಂಡಿತು.

"ಹಂಗಾದ್ರ ಇನ್ನೊಂದು ಬಡಿಯವ್ವ, ತೆಳ್ಳಗ."

"ತೆಳ್ಳಗ ಬೇಕಂದ್ರ ಸಾಲಿನ್ಯಾಗ ನಿಲ್ರಿ," ಎಂದು ಆಕೆ ಮುಂದಿನ ಮುದ್ದೆಗೆ ಹಿಟ್ಟು ಹಚ್ಚಿದಳು. ಮೇಷ್ಟ್ರು ಕೈಯಲ್ಲಿದ್ದ ರೊಟ್ಟಿ ಮುರಿದು ತಿನ್ನುತ್ತಲೇ ಹೋಗಿ, ಹೆಲ್ಮೆಟ್ ಹಿಡಿದಿದ್ದ ಹುಡುಗನ ಹಿಂದೆ ನಿಂತುಕೊಂಡರು.